ಶಿಶಿಕ್ಷು ತರಬೇತಿ: ಓದಿಗೆ ತಕ್ಕ ದಾರಿ

ಪರೀಕ್ಷಾ ಫಲಿತಾಂಶಗಳು ಪ್ರಕಟವಾದೊಡನೆ ಶ್ರೀಮಠಕ್ಕೆ ಬರುವ ತಂದೆ-ತಾಯಂದಿರು ‘ಮುಂದೇನು?’ ಎಂದು ಕೇಳುವುದುಂಟು. ಪದವಿಯೊಂದೇ ದಾರಿಯಲ್ಲ, ದುಡಿಯುತ್ತಲೇ ಕಲಿಯುವ ಶಿಶಿಕ್ಷು (ಅಪ್ರೆಂಟಿಸ್) ತರಬೇತಿಯೂ ಗೌರವದ ದಾರಿಯೇ ಎಂಬುದನ್ನು ಭಕ್ತರ ಗಮನಕ್ಕೆ ತರಬಯಸುತ್ತೇವೆ.

ಈ ತರಬೇತಿಗೆ ಆಧಾರ 1961ರ ಅಪ್ರೆಂಟಿಸ್ ಕಾಯಿದೆ. ಕನಿಷ್ಠ ವಯಸ್ಸು 14. ಅಪಾಯಕಾರಿ ಉದ್ದಿಮೆಗಳಲ್ಲಿ 18. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ.

ಯಾರಿಗೆ ಯಾವುದು?

ಐ.ಟಿ.ಐ. ಮುಗಿಸಿದವರು ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮೊದಲಾದ ವೃತ್ತಿಗಳಲ್ಲಿ ಸೇರಬಹುದು. ಹುಬ್ಬಳ್ಳಿ ಹಾಗೂ ಮೈಸೂರಿನ ರೈಲ್ವೆ ಕಾರ್ಯಾಗಾರಗಳು, ಬೆಂಗಳೂರಿನ ಎಚ್.ಎ.ಎಲ್. ಇಂತಹ ಅವಕಾಶ ನೀಡುತ್ತವೆ. ಡಿಪ್ಲೊಮಾ ಮತ್ತು ಪದವಿ ಪಡೆದವರಿಗೆ ಕೇಂದ್ರದ ನ್ಯಾಟ್ಸ್ ಯೋಜನೆಯಿದೆ. ಐ.ಟಿ.ಐ. ಓದದವರೂ ನಿರಾಶರಾಗಬೇಕಿಲ್ಲ: ಚಿಲ್ಲರೆ ವ್ಯಾಪಾರ, ಆತಿಥ್ಯ, ಸಿದ್ಧ ಉಡುಪಿನಂತಹ ಕ್ಷೇತ್ರಗಳಲ್ಲಿ ಐಚ್ಛಿಕ ವೃತ್ತಿಗಳಿವೆ. 2016ರಲ್ಲಿ ಆರಂಭವಾದ ನ್ಯಾಪ್ಸ್ ಯೋಜನೆ ಇದಕ್ಕೆ ಒತ್ತಾಸೆಯಾಗಿದೆ.

ಶಿಷ್ಯವೇತನ

2019ರ ತಿದ್ದುಪಡಿಯು ಮಾಸಿಕ ಕನಿಷ್ಠ ಶಿಷ್ಯವೇತನವನ್ನು ಹೀಗೆ ಗೊತ್ತುಪಡಿಸಿತು: 5ರಿಂದ 9ನೆಯ ತರಗತಿ ಓದಿದವರಿಗೆ 5,000 ರೂ., ಎಸ್ಸೆಸ್ಸೆಲ್ಸಿ 6,000, ಪಿ.ಯು.ಸಿ. ಹಾಗೂ ಐ.ಟಿ.ಐ. 7,000, ಡಿಪ್ಲೊಮಾ 8,000, ಪದವಿ 9,000. ಈ ದರಗಳು ಪರಿಷ್ಕರಣೆಗೆ ಒಳಪಡುವುದರಿಂದ ಸೇರುವ ಮುನ್ನ ಚಾಲ್ತಿಯಲ್ಲಿರುವ ದರವನ್ನು ವಿಚಾರಿಸಿಕೊಳ್ಳತಕ್ಕದ್ದು.

ಮರೆಯಬಾರದ ಮಾತು

ವರ್ಷಗಟ್ಟಲೆ ಕಾರ್ಯಾಗಾರದಲ್ಲಿ ದುಡಿದು, ಕೆಲಸ ಚೆನ್ನಾಗಿ ಬಲ್ಲವರಾಗಿಯೂ ಕೈಯಲ್ಲಿ ಒಂದು ಪ್ರಮಾಣಪತ್ರವಿಲ್ಲದೆ ಮರಳಿದ ತರುಣರನ್ನು ನಾವು ಕಂಡಿದ್ದೇವೆ. ಅವರ ಹೆಸರಿನಲ್ಲಿ ನೋಂದಾಯಿತ ಕರಾರೇ ಇರಲಿಲ್ಲ. ಆದುದರಿಂದ ಸೇರುವ ದಿನವೇ ಕರಾರುಪತ್ರ ಕೇಳಿ ಪಡೆಯಿರಿ. ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಸಹಿ ಮಾಡಬೇಕು. ಕರಾರಿನ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ‘ಸೀಟು ಕೊಡಿಸುತ್ತೇವೆ’ ಎಂದು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.

ಇನ್ನೊಂದು ಮಾತು: ಕಾಯಿದೆಯ ಪ್ರಕಾರ ಶಿಶಿಕ್ಷುವು ಕಲಿಯುವವನೇ ಹೊರತು ನೌಕರನಲ್ಲ. ಕರಾರಿನಲ್ಲಿ ಹಾಗೆಂದು ಬರೆದಿಲ್ಲದಿದ್ದರೆ, ತರಬೇತಿಯ ನಂತರ ಅದೇ ಸಂಸ್ಥೆ ನೌಕರಿ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಕಲಿತ ಕಸುಬು, ಪಡೆದ ಪ್ರಮಾಣಪತ್ರ ಎಲ್ಲಿಗೆ ಹೋದರೂ ಜೊತೆಗಿರುತ್ತವೆ.

ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ನಂಬಿದ ನಾವು, ಮಗನೋ ಮಗಳೋ ಸ್ಪ್ಯಾನರ್ ಹಿಡಿಯುತ್ತೇನೆಂದಾಗ ಮುಖ ತಿರುಗಿಸದಿರೋಣ.