ಬೆಳ್ಳಿ ರೂಪಾಯಿಯ ತೂಕ

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಸೀಮೆಗೆಲ್ಲ ಒಂದೇ ಬೆಳ್ಳಿ ರೂಪಾಯಿಯನ್ನು ಗೊತ್ತುಮಾಡಿತು. ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ. ರೂಪಾಯಿಯೇ ತಕ್ಕಡಿಯ ತೂಕವೂ ಆಯಿತು.

ಆದರೆ 1870ರ ದಶಕದಿಂದ ಬೆಳ್ಳಿ ಅಗ್ಗವಾಗುತ್ತ ಹೋಯಿತು. 1893ರಲ್ಲಿ, ಜನ ತಂದ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ಟಂಕಸಾಲೆಗಳು ನಿಲ್ಲಿಸಿದವು. ಅಲ್ಲಿಂದ ಮುಖಬೆಲೆ ಮೇಲೆ, ಲೋಹದ ಬೆಲೆ ಕೆಳಗೆ.

ಮೊದಲ ಮಹಾಯುದ್ಧ ಈ ಲೆಕ್ಕವನ್ನೇ ತಿರುಗುಮುರುಗು ಮಾಡಿತು. ಬೆಳ್ಳಿಯ ದರ ಎಷ್ಟು ಏರಿತೆಂದರೆ, ರೂಪಾಯಿಯನ್ನು ಖರ್ಚು ಮಾಡುವುದಕ್ಕಿಂತ ಕರಗಿಸುವುದೇ ಲಾಭ! ಸರ್ಕಾರ ಕರಗಿಸುವುದನ್ನು ನಿಷೇಧಿಸಿತು; 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟು ತಂದಿತು.

1940ರಲ್ಲಿ ರೂಪಾಯಿಯಲ್ಲಿನ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. 1947ರ ರೂಪಾಯಿ ಪೂರಾ ನಿಕ್ಕಲ್.

ಲೋಹದಾಚೆಗೂ ಒಂದು ಬೆಲೆಯಿದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ, ಸೊಂಡಿಲು ಮೊಟಕಾಗಿ, ಹಂದಿಯಂತೆ ಕಂಡಿತು. ಗುಲ್ಲೆದ್ದಿತು, ಮರುವರ್ಷವೇ ಅಚ್ಚು ತಿದ್ದಿದರು. ಬೆಳ್ಳಿ ಎರಡರಲ್ಲೂ ಅಷ್ಟೇ, ಆದರೂ ಸಂಗ್ರಾಹಕರು ‘ಹಂದಿ ರೂಪಾಯಿ’ಗೆ ಹೆಚ್ಚು ಹಣ ತೆರುತ್ತಾರೆ.

ಮನೆಯಲ್ಲಿ ಇಂಥ ನಾಣ್ಯಗಳಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪು ಬಂದಷ್ಟೂ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ.