ಇಂಗಳೇಶ್ವರದಿಂದ ಕಡಲವರೆಗೆ: ನಮ್ಮ ಮಕ್ಕಳು ಓದದ ಚರಿತ್ರೆ



ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳನ್ನೂ ಕಟ್ಟಡಗಳ ವಿವರವನ್ನೂ ದಾಖಲಿಸುವುದು ವಾಡಿಕೆ. ಆ ಕಾರ್ಯ ಈ ಸಂಚಿಕೆಯ ಬೇರೆ ಪುಟಗಳಲ್ಲಿ ನಡೆದಿದೆ. ನಾವಿಲ್ಲಿ ಹೇಳಬಯಸುವುದು ದೇವಾಲಯದ ಗೋಡೆಗಳಾಚೆಯ ಚರಿತ್ರೆಯನ್ನು. ಅದನ್ನು ಮಕ್ಕಳಿಗೆ ತಲುಪಿಸಬೇಕಾದ ನಮ್ಮೆಲ್ಲರ ಹೊಣೆಯನ್ನು.

ಕೆಲವು ವರ್ಷಗಳ ಹಿಂದೆ ಜ್ಞಾನೋಪದೇಶದ ತರಗತಿಯಲ್ಲಿ ಕೃಷ್ಣಾ ನದಿಯ ಮಾತು ಬಂದಿತು. ಆಲಮಟ್ಟಿಯಲ್ಲಿ 123 ಟಿ.ಎಂ.ಸಿ. ನೀರು ನಿಲ್ಲುತ್ತದೆಂದು ಮಕ್ಕಳು ತಡವರಿಸದೆ ಹೇಳಿದರು. ಅಣೆಕಟ್ಟೆಗೆ ಮುಂಚೆ ಅಲ್ಲಿ ಏನಿತ್ತು, ಅಲ್ಲಿಂದ ಮುಂದೆ ಹೊಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ತರಗತಿ ಮೌನವಾಯಿತು. ತಪ್ಪು ಮಕ್ಕಳದಲ್ಲ. ಗುರುಮಠದಲ್ಲಿ ಓದುವಾಗ ನಮಗೂ ರೋಮಿನ ಟೈಬರ್ ನದಿಯ ಚರಿತ್ರೆ ಕಂಠಸ್ಥವಾಗಿತ್ತು. ನಮ್ಮ ಡೋಣಿ ಹೊಳೆಯ ಬಗ್ಗೆ ಎರಡು ಮಾತು ಹೇಳಲು ಬರುತ್ತಿರಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಊರು, ಹೊಲ, ಹೊಳೆದಂಡೆಗಳಿಗೆ ಕರೆದೊಯ್ಯುವ ಪರಿಪಾಠವನ್ನು ನಾವು ಹಾಕಿಕೊಂಡೆವು.

ನಮ್ಮ ಮೊದಲ ಪಾಠ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ. ಅದು ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರೆಂದು ಜನ ನಂಬಿಕೊಂಡು ಬಂದಿದ್ದಾರೆ. ರೇವಣಸಿದ್ಧೇಶ್ವರರ ಸ್ಥಾನವೂ ಅಲ್ಲುಂಟು. ಈಚಿನ ದಶಕಗಳಲ್ಲಿ ವಚನಗಳನ್ನು ಶಿಲೆಯಲ್ಲಿ ಕೆತ್ತಿಸಿ ನಿಲ್ಲಿಸಿದ ಮಂಟಪವೂ ಉಂಟು. ಇನ್ನೊಂದು ಸಂಗತಿಯನ್ನು ಕೇಳಿ ಮಕ್ಕಳು ಬೆರಗಾಗುತ್ತಾರೆ. ಮಧ್ಯಯುಗದ ಜೈನ ಶಾಸನಗಳಲ್ಲಿ 'ಇಂಗುಳೇಶ್ವರ ಬಳಿ' ಎಂಬ ಮುನಿಪರಂಪರೆಯೊಂದು ಕಾಣಿಸುತ್ತದೆ. ಅದಕ್ಕೆ ಹೆಸರು ಕೊಟ್ಟದ್ದು ಇದೇ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. ಬಾಗೇವಾಡಿಯ ಮಾದಿರಾಜನ ಮಗ ಸಂಗನಬಸವನ ಉಲ್ಲೇಖವಾದರೋ ಹುಕ್ಕೇರಿ ಸೀಮೆಯ ಅರ್ಜುನವಾಡದ 1260ರ ಶಾಸನದಲ್ಲಿ ಸಿಕ್ಕಿತು. ಸಣ್ಣ ಊರೊಂದರ ಹೆಸರು ಕಲ್ಲಿನ ಮೇಲೇರಿ ದೂರದೂರಕ್ಕೆ ಪಯಣಿಸಿದ ಬಗೆ ಇದು. ಜೈನರು, ಶರಣರು, ಆದಿಲ್‌ಶಾಹಿಯ ಮುಸಲ್ಮಾನರು, ಅನಂತರ ಕ್ರೈಸ್ತರು ಎಲ್ಲರೂ ಇದೇ ಮಣ್ಣಿನ ಅನ್ನ ಉಂಡವರೆಂಬುದು ಮಕ್ಕಳಿಗೆ ಉಪದೇಶವಿಲ್ಲದೆಯೇ ತಿಳಿಯುತ್ತದೆ.

ಎರಡನೆಯ ಪಾಠ ಮಣ್ಣಿನದು. ನಮ್ಮ ಹಿರಿಯರು ಭೂಮಿಯನ್ನು ಎರೆ, ಮಡ್ಡಿ ಎಂದು ವಿಂಗಡಿಸಿದರು. ಮಳೆಗಾಲದ ತೇವವನ್ನು ಎರೆಮಣ್ಣು ಹಿಡಿದಿಟ್ಟುಕೊಳ್ಳುವುದರಿಂದಲೇ ಮಳೆ ನಿಂತ ಮೇಲೂ ಹಿಂಗಾರಿಯ ಬಿಳಿಜೋಳ ತೆನೆ ಕಟ್ಟುತ್ತದೆ. ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ನಮ್ಮ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವ ಡೋಣಿಯ ದಂಡೆ ಜೋಳಕ್ಕೆ ಹೆಸರಾದುದು. ಆದರೆ ಆ ಹೊಳೆಯ ನೀರು ಸವುಳು. ನಾವು ಡೋಣಿಯ ನೀರನ್ನೂ ಕೃಷ್ಣೆಯ ನೀರನ್ನೂ ಎರಡು ತಟ್ಟೆಗಳಲ್ಲಿ ಸಮನಾಗಿ ಸುರಿದು ಬಿಸಿಲಿಗಿಟ್ಟೆವು. ನೀರು ಆರಿದ ಮೇಲೆ ಡೋಣಿಯ ತಟ್ಟೆಯಲ್ಲಿ ಉಳಿದ ಬಿಳಿಯ ಪದರವನ್ನು ಮಕ್ಕಳು ಬೆರಳಿನಿಂದ ಮುಟ್ಟಿ ನೋಡಿದರು. ಬಸಿಗಾಲುವೆಯಿಲ್ಲದೆ ಎರೆಹೊಲಕ್ಕೆ ಅತಿಯಾಗಿ ಕಾಲುವೆಯ ನೀರು ಹಾಯಿಸಿದರೆ ಭೂಮಿ ಏಕೆ ಸವುಳು-ಜವುಳಾಗುತ್ತದೆಂಬುದನ್ನು ತಿಳಿಸಲು ಆ ತಟ್ಟೆಯೇ ಸಾಕಾಯಿತು. ಮುಳವಾಡ ಏತ ನೀರಾವರಿಯಿಂದ ನೀರು ಕಾಣುತ್ತಿರುವ ನಮ್ಮ ರೈತ ಕುಟುಂಬಗಳಿಗೆ ಇದು ನಾಳೆಯ ಅನ್ನದ ಪ್ರಶ್ನೆ.

ಮೂರನೆಯದು ಆಲಮಟ್ಟಿಯ ದಂಡೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಈ ಯೋಜನೆ ನಾಡಿಗೆ ನೀರನ್ನೂ ಬೆಳಕನ್ನೂ ಕೊಟ್ಟಿತು. ಹಳೆಯ ಬಾಗಲಕೋಟೆಯ ಬಹುಭಾಗವನ್ನೂ ಎಷ್ಟೋ ಹಳ್ಳಿಗಳನ್ನೂ ತೆಗೆದುಕೊಂಡಿತು. ಹಿನ್ನೀರಿನ ಬದಿಯಲ್ಲಿ ವೃದ್ಧೆಯೊಬ್ಬರು ನಮ್ಮ ಮಕ್ಕಳಿಗೆ ನೀರಿನತ್ತ ಕೈ ತೋರಿಸಿ, "ಅಲ್ಲೇ ನಮ್ಮ ಕಣ ಇತ್ತು, ಹಗೇವೂ ಅಲ್ಲೇ ಇತ್ತು, ಯಪ್ಪಾ" ಎಂದರು. ಒಬ್ಬ ಹುಡುಗ ನಮ್ಮ ನಿಲುವಂಗಿ ಜಗ್ಗಿ, "ನೀರಾಗ ಕಣ ಹ್ಯಾಂಗ ಇರ್ತೈತ್ರೀ, ಫಾದರ್?" ಎಂದು ಕೇಳಿದ. ಕಣವನ್ನೂ ಹಗೇವನ್ನೂ ಕಾಣದ ಆ ಬಾಲಕನಿಗೆ ಉತ್ತರ ಕೊಡಬೇಕಾದವರು ಆ ತಾಯಿಯೇ. ಮರುವರ್ಷ ನಾವು ಹೋದಾಗ ಅವರು ಇರಲಿಲ್ಲ.

ಈಗ 519.60 ಮೀಟರಿನವರೆಗೆ ನೀರು ನಿಲ್ಲುತ್ತಿರುವ ಜಲಾಶಯದಲ್ಲಿ 524.256 ಮೀಟರಿನವರೆಗೆ ನಿಲ್ಲಿಸಲು ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಒಪ್ಪಿದೆ. ಅದು ಕಾರ್ಯಗತವಾದ ದಿನ ಇನ್ನಷ್ಟು ದಂಡೆ, ಇನ್ನಷ್ಟು ಹೊಲಗಳು ಮುಳುಗುತ್ತವೆ. ಯೋಜನೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಮುಳುಗುವ ಮುನ್ನ ಹೆಸರುಗಳನ್ನಾದರೂ ಬರೆದಿಟ್ಟುಕೊಳ್ಳೋಣ ಎಂಬುದಷ್ಟೇ ನಮ್ಮ ಬಿನ್ನಹ. ಹೊಸ ನೀರು ಹೊಸ ಅತಿಥಿಗಳನ್ನೂ ಕರೆತಂದಿದೆ: ಚಳಿಗಾಲದಲ್ಲಿ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ, ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಬರುತ್ತವೆ. ಅವನ್ನು ಎಣಿಸಿ ದಿನಾಂಕದೊಡನೆ ಬರೆದಿಡುವುದೂ ಚರಿತ್ರೆಯ ಬರವಣಿಗೆಯೇ.

ಕೊನೆಯ ಪಾಠ ಕಡಲಿನದು. ಬಯಲುಸೀಮೆಯ ನಮಗೆ ಕಡಲೆಲ್ಲಿಯದು ಎಂದು ತಾವು ಕೇಳಬಹುದು. ಮಹಾಬಳೇಶ್ವರದ ಬಳಿ, ಅರಬ್ಬೀ ಸಮುದ್ರಕ್ಕೆ ಸುಮಾರು 64 ಕಿಲೋಮೀಟರ್ ದೂರದಲ್ಲಿ ಹುಟ್ಟುವ ಕೃಷ್ಣೆ ಹತ್ತಿರದ ಆ ಕಡಲಿಗೆ ಬೆನ್ನು ತಿರುಗಿಸಿ, ಸುಮಾರು 1,400 ಕಿಲೋಮೀಟರ್ ಹರಿದು ಆಂಧ್ರದ ಹಂಸಲದೀವಿಯ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತಾಳೆ. ಅಲ್ಲಿಯ ಮುಖಜಭೂಮಿಯನ್ನು ಕಟ್ಟಿದ ಮಣ್ಣಿನಲ್ಲಿ ನಮ್ಮ ಹೊಲಗಳಿಂದ ತೊಳೆದುಹೋದ ಎರೆಯೂ ಸೇರಿದೆ. ಆ ಮಣ್ಣಿನಲ್ಲಿ ಬೇರೂರಿದ ಕಾಂಡ್ಲಾ ವನಗಳು ಮೀನು-ಸೀಗಡಿಗಳ ಮರಿಗಳಿಗೆ ತೊಟ್ಟಿಲು. ಚಂಡಮಾರುತದ ಅಲೆಗಳಿಗೆ ಬೇಲಿ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ಹೂಳು ತಡೆದು ನಿಂತ ಮೇಲೆ ಕಡಲಿಗೆ ತಲುಪುವ ಮಣ್ಣು ಬಹಳ ಕಡಿಮೆಯಾಯಿತು. ಅಲ್ಲಿಯ ತೀರ ಅಲ್ಲಲ್ಲಿ ಕೊರೆಯುತ್ತಿದೆ. ನಮ್ಮ ಹೊಲದ ಒಡ್ಡಿಗೂ ಕಾಣದ ಊರಿನ ಬೆಸ್ತನ ಬಲೆಗೂ ನಂಟಿದೆಯೆಂದು ಅರಿತ ಮಗುವಿಗೆ 'ನೆರೆಯವನು' ಎಂಬ ಶುಭಸಂದೇಶದ ಮಾತಿನ ಅರ್ಥ ಎಷ್ಟೋ ವಿಸ್ತಾರವಾಗುತ್ತದೆ.

ಇದಕ್ಕೆ ಬೇಕಾದುದು ದೊಡ್ಡ ಹಣವಲ್ಲ. ಪ್ರತಿಯೊಂದು ಮಗುವೂ ತನ್ನ ಅಜ್ಜ-ಅಜ್ಜಿಯರನ್ನು ಕೇಳಿ ಹೊಲ, ಬಾವಿ, ಹಳ್ಳಗಳ ಹೆಸರುಗಳನ್ನು ಒಂದು ವಹಿಯಲ್ಲಿ ಬರೆಯಲಿ. ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕಗಳಲ್ಲಿರುವ ಊರುಗಳ ಪಟ್ಟಿಯನ್ನು ಯುವಕರು ತೆಗೆದು ನಕ್ಷೆಯಲ್ಲಿ ಗುರುತಿಸಲಿ. ಮುಳುಗಿದ ಊರುಗಳಿದ್ದರೆ ಅವೂ ಅಲ್ಲಿ ಉಳಿಯಲಿ. ಹಿರಿಯರೇ, ನೀವು ಸಂಕೋಚವಿಲ್ಲದೆ ನೆನಪುಗಳನ್ನು ಹೇಳಿರಿ. ಅಂದು ನೀರಿನತ್ತ ಕೈ ತೋರಿಸಿದ ಆ ತಾಯಿಯ ಹೆಸರನ್ನು ನಾವು ಕೇಳಿ ಬರೆದುಕೊಳ್ಳಲಿಲ್ಲ. ಆ ಲೋಪ ನಮ್ಮದು. ಅದು ನಿಮ್ಮ ಮನೆಗಳಲ್ಲಿ ಮರುಕಳಿಸದಿರಲಿ.

ಈ ನಾಡಿನ ಮಣ್ಣನ್ನೂ ನೀರನ್ನೂ ಸೃಷ್ಟಿಸಿದ ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.