ವ್ಯಾಪಾರಿ ಬ್ಯಾನರು: ಕನ್ನಡ ನಾಡಿನಲ್ಲಿ ಮತ್ತು ನಾರಾಯಣಪೇಟೆ–ಗದ್ವಾಲ ಗಡಿಯಲ್ಲಿ

ಅಂಗಡಿ, ಸರಕು, ಸೇವೆ ಅಥವಾ ರಿಯಾಯಿತಿ ಮಾರಾಟದ ಸುದ್ದಿಯನ್ನು ದಾರಿಹೋಕರ ಕಣ್ಣಿಗೆ ಬೀಳಿಸಲು ಬಟ್ಟೆ, ತಗಡು ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು ಇಲ್ಲವೇ ಮುದ್ರಿಸಿ ಕಟ್ಟುವ ಪ್ರಚಾರ ಸಾಧನ. ಇದನ್ನು ಕುರಿತ ಬರಹಗಳಲ್ಲಿ ಮೂರು ಬೇರೆ ವಸ್ತುಗಳು ಪದೇಪದೇ ಕಲಸಿಹೋಗಿವೆ. ಅಂಗಡಿಯ ಹಣೆಯ ಮೇಲೆ ಕಾಯಂ ಇರುವುದು ನಾಮಫಲಕ. ಕೆಲವು ದಿನಗಳ ಮಟ್ಟಿಗೆ ಹಗ್ಗದಿಂದ ಕಟ್ಟುವುದು ಬ್ಯಾನರು. ಬಾಡಿಗೆಯ ಚೌಕಟ್ಟಿನಲ್ಲಿ ಎತ್ತರಕ್ಕೆ ನಿಲ್ಲಿಸುವುದು ಹೋರ್ಡಿಂಗ್. ಮೂರಕ್ಕೂ ಅನ್ವಯಿಸುವ ಕಾನೂನು ಬೇರೆ, ಓದುವ ದೂರ ಬೇರೆ, ವಿನ್ಯಾಸವೂ ಬೇರೆ. ಕರ್ನಾಟಕದಲ್ಲಿ ಬ್ಯಾನರು ನಿಷೇಧವಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಪತ್ರಿಕೆಗಳಲ್ಲಿ ಒಂದೊಂದು ವರ್ಷ ಒಂದೊಂದು ಉತ್ತರ ಸಿಗುವುದಕ್ಕೆ ಈ ಗೊಂದಲವೂ ಒಂದು ಕಾರಣ.

ಗಡಿ ಪ್ರದೇಶ: ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯನ್ನು ಕನ್ನಡ ಪ್ರಚಾರಕಲೆಯ ಚರಿತ್ರೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಆದರೆ 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಕೊಡಂಗಲ್ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಮೂರೂ ಮಹಬೂಬನಗರ ಜಿಲ್ಲೆಗೆ ಸೇರಿದವು. 2019ರ ಫೆಬ್ರುವರಿ 17ರಂದು ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಯಾಯಿತು. ಕೃಷ್ಣಾ ನದಿಯ ದಂಡೆಯಲ್ಲಿರುವ ಕೃಷ್ಣಾ ಮಂಡಲದ ಊರುಗಳಲ್ಲಿ ಮನೆಮಾತು ಕನ್ನಡ. ನಿಜಾಮರ ಆಡಳಿತದಲ್ಲಿ ಕಚೇರಿ ಭಾಷೆ ಉರ್ದು, ಸಂತೆಯ ಮಾತು ಕನ್ನಡ ಮತ್ತು ತೆಲುಗು, ಸೀರೆ ವ್ಯಾಪಾರದಲ್ಲಿ ಮರಾಠಿಯೂ ಉಂಟು. ಹೀಗಾಗಿ ಇಲ್ಲಿ ಫಲಕ ಬರೆಸುವವನಿಗೆ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಬಣ್ಣದ್ದಲ್ಲ, ಲಿಪಿಯದ್ದು.

ಆರಂಭ: 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ, ಅಲ್ಲಿಂದ ಮುಂದೆ ಪತ್ರಿಕಾ ಜಾಹೀರಾತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ ಇತರ ನಾಟಕ ಮಂಡಳಿಗಳೂ ಊರೂರಿಗೆ ಭಿತ್ತಿಪತ್ರವನ್ನು ಒಯ್ದವು. ಚಿತ್ರಕಾರ ರವಿವರ್ಮನ ಮುದ್ರಣಾಲಯದ ಬಣ್ಣದ ಚಿತ್ರಗಳು ಕ್ಯಾಲೆಂಡರಾಗಿ ಅಂಗಡಿಯ ಗೋಡೆ ಸೇರಿದವು. 1871ರಲ್ಲಿ ಮುಂಬಯಿ ಮತ್ತು ಮದರಾಸು ಕಡೆಯ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಪರಊರಿನ ಸರಕು ಈ ಸೀಮೆಗೆ ನೇರವಾಗಿ ಬರತೊಡಗಿತು. ಸಾಬೂನು, ಚಹಾ, ಔಷಧಗಳ ಎನಾಮಲ್ ತಗಡುಗಳು ನಿಲ್ದಾಣದಲ್ಲೂ ಅಂಗಡಿಯ ಬಾಗಿಲಲ್ಲೂ ಕಾಣಿಸಿಕೊಂಡವು. ಸಿನಿಮಾದ ಕಟೌಟುಗಳು ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಬೆಳೆದ ಕಥೆಯನ್ನು ಹಲವರು ಬರೆದಿದ್ದಾರೆ. ವ್ಯಾಪಾರಿ ಬ್ಯಾನರು ಸಿನಿಮಾದಿಂದಲೇ ಹುಟ್ಟಿತೆಂಬ ಮಾತು ಮಾತ್ರ ಅತಿಶಯ. ಸಿನಿಮಾ ಅದಕ್ಕೆ ಗಾತ್ರವನ್ನು ಕಲಿಸಿತು. ಅಕ್ಷರ ಬಂದದ್ದು ತಗಡಿನ ಬೋರ್ಡಿನಿಂದ.

ಬಟ್ಟೆ ಮತ್ತು ಪೇಂಟರ್: ಸುಮಾರು ಅರ್ಧ ಶತಮಾನ ಪೇಟೆ ಬೀದಿಯನ್ನು ಆಳಿದ್ದು ಬಟ್ಟೆಯ ಬ್ಯಾನರು. ಪೇಂಟರ್ ಬಟ್ಟೆಯನ್ನು ಗೋಡೆಗೆ ಬಿಗಿದು, ಸುಣ್ಣ ಸವರಿದ ದಾರವನ್ನು ಎಳೆದು ಬಿಟ್ಟು ಸಾಲು ಹೊಡೆಯುತ್ತಿದ್ದ. ಅಕ್ಷರಗಳನ್ನು ಎಣಿಸಿ ಜಾಗ ಹಂಚಿಕೊಂಡು, ತೆಳುವಾಗಿ ಗೀಚಿ, ಚಪ್ಪಟೆ ಕುಂಚದಿಂದ ತುಂಬುತ್ತಿದ್ದ. ಕೆಂಪು ಅಕ್ಷರಕ್ಕೆ ನೀಲಿ ಶೇಡು, ನೀಲಿಗೆ ಕೆಂಪು ಶೇಡು ವಾಡಿಕೆ. ಶೇಡು ಬರಿಯ ಅಲಂಕಾರವಲ್ಲ: ಬಟ್ಟೆ ಗಾಳಿಗೆ ಅಲೆಯುವಾಗ ಅಕ್ಷರದ ಅಂಚು ಕಳೆದುಹೋಗದಂತೆ ಅದು ಹಿಡಿದಿಡುತ್ತದೆ. ಬೀದಿಗೆ ಅಡ್ಡ ಕಟ್ಟುವ ಬ್ಯಾನರಿನಲ್ಲಿ ಅಲ್ಲಲ್ಲಿ ಅರ್ಧಚಂದ್ರಾಕಾರದ ಸೀಳು ಹಾಕುತ್ತಿದ್ದರು. ಗಾಳಿ ಅದರಲ್ಲಿ ನುಗ್ಗಿ ಹೋಗದಿದ್ದರೆ ಹಗ್ಗ ಹರಿಯುತ್ತಿತ್ತು, ಇಲ್ಲವೇ ಕಂಬವೇ ಬಾಗುತ್ತಿತ್ತು. ಸೀಳನ್ನು ಅಕ್ಷರದ ಮೇಲೆ ಬೀಳದಂತೆ ಹಾಕುವುದರಲ್ಲಿ ಕೈಚಳಕ ಕಾಣುತ್ತಿತ್ತು. ಪ್ಲಾಸ್ಟಿಕ್ ಹಾಳೆಯ ಫ್ಲೆಕ್ಸ್ ಬಂದ ಮೇಲೂ ಈ ಸೀಳು ಉಳಿದುಕೊಂಡಿದೆ, ಆದರೆ ಈಗ ಅದು ಮಾಲೀಕನ ಭಾವಚಿತ್ರದ ಕೆನ್ನೆಯ ಮೇಲೂ ಬೀಳುವುದುಂಟು.

ಗಡಿಯ ಪೇಂಟರಿಗೆ ಇನ್ನೊಂದು ಅನುಕೂಲವಿತ್ತು. ಕನ್ನಡ, ತೆಲುಗು ಎರಡಕ್ಕೂ ಕುಂಚದ ತಿರುವು ಬಹುಪಾಲು ಒಂದೇ. ಬ, ಜ, ಲ ಎರಡೂ ಲಿಪಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೂಪದಲ್ಲಿವೆ. ಗ, ನ ಮೊದಲಾದವನ್ನು ಬೇರ್ಪಡಿಸುವುದು ಮುಖ್ಯವಾಗಿ ತಲೆಕಟ್ಟು. ಕನ್ನಡದ್ದು ಅಡ್ಡಕ್ಕೆ ಮಲಗುತ್ತದೆ, ತೆಲುಗಿನದ್ದು ಓರೆಯಾಗಿ ಮೇಲಕ್ಕೆ ಚಿಮ್ಮುತ್ತದೆ. ಒಂದೇ ಕೈ ಎರಡನ್ನೂ ಬರೆಯುತ್ತಿದ್ದುದರಿಂದ ದ್ವಿಭಾಷಾ ಫಲಕಗಳಲ್ಲಿ ಎರಡೂ ಸಾಲುಗಳ ತೂಕ ತಾನಾಗಿ ಸಮನಾಗುತ್ತಿತ್ತು. ಇಂದಿನ ಕಂಪ್ಯೂಟರ್ ಮುದ್ರಣದಲ್ಲಿ ಕನ್ನಡಕ್ಕೊಂದು ಫಾಂಟು, ತೆಲುಗಿಗೆ ಇನ್ನೊಂದು, ಹೊಂದಾಣಿಕೆ ಅಪರೂಪ.

1980 ಮತ್ತು 1990ರ ದಶಕಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್, ಟ್ಯೂಬ್‌ಲೈಟ್ ಅಡಗಿಸಿದ ಗ್ಲೋಸೈನ್, ಕಂಪನಿಗಳು ಪುಕ್ಕಟೆಯಾಗಿ ಕೊಡುವ ಬೋರ್ಡು ಬಂದವು. ಪುಕ್ಕಟೆ ಬೋರ್ಡಿನಲ್ಲಿ ತಂಪು ಪಾನೀಯದ್ದೋ ಸಿಮೆಂಟಿನದ್ದೋ ಹೆಸರು ಮುಕ್ಕಾಲು ಭಾಗ ನುಂಗಿ, ಅಂಗಡಿಯವನ ಹೆಸರು ಮೂಲೆಗೆ ಸರಿಯಿತು.

ಫ್ಲೆಕ್ಸ್: 2000ರ ದಶಕದಲ್ಲಿ ಜಿಲ್ಲಾ ಕೇಂದ್ರಗಳಿಗೆ ದೊಡ್ಡ ಅಗಲದ ಇಂಕ್‌ಜೆಟ್ ಯಂತ್ರಗಳು ಬಂದವು. ಪಾಲಿಯೆಸ್ಟರ್ ಜಾಲರಿಗೆ ಪಿವಿಸಿ ಲೇಪಿಸಿದ ಹಾಳೆಯ ಮೇಲೆ ಸಾಲ್ವೆಂಟ್ ಶಾಯಿಯಿಂದ ಮುದ್ರಿಸುವ ಕ್ರಮ ಇದು. ದರ ಚದರ ಅಡಿಯ ಲೆಕ್ಕ. ಪೇಂಟರಿಗೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಫೋಟೊ ಹಾಕುವುದಕ್ಕೆ ಬೇರೆ ಖರ್ಚಿಲ್ಲವಾದ್ದರಿಂದ ಫೋಟೊಗಳು ಹೆಚ್ಚಿದವು. ಜಾಗ ತುಂಬಿಸುವುದೇ ಲಾಭವೆಂಬ ಭಾವನೆ ಹುಟ್ಟಿತು. ವಿನ್ಯಾಸದ ದೃಷ್ಟಿಯಿಂದ ನಿಜವಾದ ತಿರುವು ಇದೇ: ಬಟ್ಟೆಯ ಕಾಲದಲ್ಲಿ ಪ್ರತಿ ಅಕ್ಷರಕ್ಕೂ ಶ್ರಮವಿದ್ದುದರಿಂದ ಮಾತು ಚಿಕ್ಕದಿತ್ತು; ಫ್ಲೆಕ್ಸಿನಲ್ಲಿ ಮಾತಿಗೆ ಬೆಲೆ ಇಲ್ಲವಾಗಿ ಬ್ಯಾನರು ಓದಲಾಗದಷ್ಟು ತುಂಬಿಕೊಂಡಿತು. ಬಿಸಿಲಿಗೆ ಬಣ್ಣ ಹೋದ ಫ್ಲೆಕ್ಸಿಗೆ ಎರಡನೆಯ ಆಯುಷ್ಯವಿದೆ. ಹುಲ್ಲಿನ ಬಣವೆಗೆ, ಗುಡಿಸಲಿನ ಚಾವಣಿಗೆ, ತರಕಾರಿ ತಳ್ಳುಗಾಡಿಗೆ ಅದೇ ಹೊದಿಕೆ.

ಅಕ್ಷರತಂತ್ರಾಂಶದ ಕಥೆಯೂ ಇಲ್ಲಿಗೇ ಸೇರುತ್ತದೆ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದರ ಹಿಂದೆಯೇ ಬಂತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಕ್ರಮವಾದ ಯೂನಿಕೋಡ್‌ನಲ್ಲಿ ತೆಲುಗು, ಕನ್ನಡಕ್ಕೆ ಪಕ್ಕಪಕ್ಕದಲ್ಲೇ 128 ಸ್ಥಾನಗಳ ಎರಡು ಪಟ್ಟಿಗಳಿವೆ. ಆದರೂ ಡಿಸೈನ್ ಅಂಗಡಿಗಳು ಬಹುಕಾಲ ಹಳೆಯ ಆಸ್ಕಿ ಫಾಂಟುಗಳಿಗೇ ಅಂಟಿಕೊಂಡವು. ಕಾರಣ ಅಭ್ಯಾಸ, ಜೊತೆಗೆ ಫಾಂಟುಗಳ ವೈವಿಧ್ಯ. ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡ ಹೋಗಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದಕ್ಕೇ ವಿನ್ಯಾಸ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು 'ಕರ್ವ್ಸ್', ಅಂದರೆ ಬರಿಯ ಗೆರೆಚಿತ್ರ, ಮಾಡಿ ಕಳಿಸುವ ಪದ್ಧತಿ. ಭಾರತೀಯ ಲಿಪಿಗೆ ಹೊಂದಿಸದ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡವನ್ನು ಅಂಟಿಸಿದರೆ ಒತ್ತಕ್ಷರ ಬಿಚ್ಚಿಕೊಂಡು 'ವಸ್‌ತ್‌ರಾಲಯ' ಎಂದು ಮುದ್ರಣವಾಗುವುದನ್ನು ಇಂದಿಗೂ ಬೀದಿಯಲ್ಲಿ ನೋಡಬಹುದು.

ನಿಷೇಧಗಳ ಗೊಂದಲ: 'ಫ್ಲೆಕ್ಸ್ ನಿಷೇಧ' ಎಂಬ ಒಂದೇ ಶೀರ್ಷಿಕೆಯ ಅಡಿಯಲ್ಲಿ ಬರುವ ಆದೇಶಗಳು ನಾಲ್ಕು ಬಗೆಯವು. ಸಾರ್ವಜನಿಕ ಸ್ಥಳಗಳನ್ನು ಅಂದಗೆಡಿಸುವುದನ್ನು ತಡೆಯುವ ಕರ್ನಾಟಕದ 1981ರ ಕಾಯ್ದೆ ನೋಡುವುದು ಜಾಗವನ್ನು: ಅನುಮತಿಯಿಲ್ಲದೆ ಎಲ್ಲಿ ಕಟ್ಟಿದಿರಿ ಎಂಬುದನ್ನು, ಬಟ್ಟೆಯೋ ಕಾಗದವೋ ಅದಕ್ಕೆ ಮುಖ್ಯವಲ್ಲ. 2016ರ ಮಾರ್ಚ್ 11ರ ಅಧಿಸೂಚನೆ ನೋಡುವುದು ವಸ್ತುವನ್ನು: 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ರಾಜ್ಯದಾದ್ಯಂತ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್, ಫ್ಲೆಕ್ಸ್‌ಗಳನ್ನೂ ಅದು ನಿಷೇಧಿಸಿತು. ಮೂರನೆಯದು ಬೆಂಗಳೂರಿಗೆ ಸೀಮಿತ. 2018ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿ ಅವರಿದ್ದ ಹೈಕೋರ್ಟ್ ಪೀಠ ಅಕ್ರಮ ಫ್ಲೆಕ್ಸ್, ಹೋರ್ಡಿಂಗ್‌ಗಳನ್ನು ತೆರವುಗೊಳಿಸಲು ಪಟ್ಟು ಹಿಡಿಯಿತು. ಅದರ ಬೆನ್ನಿಗೇ ಪಾಲಿಕೆ ಹೊರಾಂಗಣ ಜಾಹೀರಾತನ್ನೇ ತಡೆಯುವ ನಿರ್ಣಯ ಮಾಡಿತು. ನಾಲ್ಕನೆಯದು ಕೇಂದ್ರದ್ದು. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ 2021ರ ತಿದ್ದುಪಡಿಯಂತೆ 2022ರ ಜುಲೈ 1ರಿಂದ 100 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಅಥವಾ ಪಿವಿಸಿ ಬ್ಯಾನರು ದೇಶದಾದ್ಯಂತ ನಿಷಿದ್ಧ. ಇಲ್ಲಿ ಅಳೆಯುವುದು ದಪ್ಪವನ್ನು.

ಕರ್ನಾಟಕದ ವ್ಯಾಪಾರಿಗೆ, ಬೆಂಗಳೂರಿನ ಮೂರನೆಯದನ್ನು ಬಿಟ್ಟರೆ, ಇವು ಒಂದರ ಮೇಲೊಂದು ಅನ್ವಯಿಸುತ್ತವೆ; ಮಕ್ತಲ್‌ನ ವ್ಯಾಪಾರಿಗೆ ಕೇಂದ್ರದ ನಿಯಮ ಮತ್ತು ತೆಲಂಗಾಣದ ಕಾನೂನುಗಳು. ಅತ್ತ ಮುದ್ರಿಸಿ ಇತ್ತ ಕಟ್ಟಿದರೆ, ಕಟ್ಟಿದ ಊರಿನ ಕಾನೂನೇ ಲೆಕ್ಕಕ್ಕೆ ಬರುತ್ತದೆ. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರದಲ್ಲಿ ದೈತ್ಯ ಹೋರ್ಡಿಂಗ್ ಕುಸಿದು 17 ಮಂದಿ ಸತ್ತ ಮೇಲೆ ಚೌಕಟ್ಟಿನ ಭದ್ರತೆಯೂ ಚರ್ಚೆಯ ಮುನ್ನೆಲೆಗೆ ಬಂತು.

ನಾಮಫಲಕದ ಭಾಷೆಯನ್ನು ಕುರಿತ ಕಾನೂನು ಇವುಗಳಿಂದ ಬೇರೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1963ರ ನಿಯಮಗಳಲ್ಲಿ 24-ಎ ಎಂಬ ನಿಯಮ ಕನ್ನಡಕ್ಕೆ ಪ್ರಾಧಾನ್ಯ ಕೇಳುತ್ತಿತ್ತು. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಕನ್ನಡ ನಾಮಫಲಕಗಳಿಗಾಗಿ ಕರ್ನಾಟಕ ರಕ್ಷಣಾ ವೇದಿಕೆಯ ಹೋರಾಟ ನಡೆಯಿತು. ಸರ್ಕಾರ ತಂದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಹಿಂದಿರುಗಿಸಿದ್ದರಿಂದ 2024ರ ಫೆಬ್ರುವರಿಯಲ್ಲಿ ವಿಧಾನಮಂಡಲದಲ್ಲೇ ತಿದ್ದುಪಡಿ ಅಂಗೀಕಾರವಾಯಿತು. ಫಲಕದ ಶೇ. 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬುದು ಅದರ ಸಾರ. ಇದು ನಾಮಫಲಕದ ಕಾನೂನು. ಎರಡು ದಿನದ ರಿಯಾಯಿತಿ ಬ್ಯಾನರಿಗೂ ಇದನ್ನೇ ಎಳೆದು ತರುವುದು ಗೊಂದಲದ ಹೊಸ ಕಂತು.

ವಿನ್ಯಾಸ: ಫಲಕ ಬರೆಯುವವರಲ್ಲಿ ಬಳಕೆಯಲ್ಲಿರುವ ಸ್ಥೂಲ ಸೂತ್ರದಂತೆ, ಒಂದು ಅಂಗುಲ ಎತ್ತರದ ಅಕ್ಷರ ಹತ್ತು ಅಡಿ ದೂರಕ್ಕೆ ಸರಾಗವಾಗಿ ಓದಿಸಿಕೊಳ್ಳುತ್ತದೆ. ರಾಯಚೂರಿನಿಂದ ಮಕ್ತಲ್ ಮೂಲಕ ಮಹಬೂಬನಗರದ ಕಡೆಗೆ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಸೀರೆ ಅಂಗಡಿಯೊಂದು ಬ್ಯಾನರು ಕಟ್ಟಿತು ಎನ್ನೋಣ. ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ಓದಲು ಬಿಟ್ಟರೆ ದೂರ 220 ಅಡಿಯಷ್ಟು. ಅಕ್ಷರದ ಎತ್ತರ 22 ಅಂಗುಲ ಬೇಕು. ಮೂರು ಅಡಿ ಎತ್ತರದ ಬ್ಯಾನರಿನಲ್ಲಿ ಇದು ಒಂದೇ ಸಾಲು. ಕನ್ನಡದಲ್ಲಿ ಅದೂ ಕಷ್ಟ, ಏಕೆಂದರೆ ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಜಾಗ ಕೊಡಬೇಕು. 'ವಸ್ತ್ರಾಲಯ' ಎಂದು ಬರೆದರೆ ಎರಡು ಒತ್ತುಗಳು ಕೆಳಗೆ ಇಳಿದು ಮೂಲ ಅಕ್ಷರ ಅರ್ಧ ಎತ್ತರಕ್ಕೆ ಕುಗ್ಗುತ್ತದೆ. 'ಸೀರೆ ಅಂಗಡಿ' ಎಂದರೆ ಒಂದೂ ಒತ್ತಿಲ್ಲ; ಅದೇ ಹಾಳೆಯಲ್ಲಿ ಅಕ್ಷರ ಬಹಳಷ್ಟು ದೊಡ್ಡದಾಗುತ್ತದೆ. ಹಳದಿಯ ಮೇಲೆ ಕಪ್ಪು, ಬಿಳಿಯ ಮೇಲೆ ಕಡುಗೆಂಪು ದೂರಕ್ಕೆ ಎದ್ದು ಕಾಣುತ್ತವೆ. ಬಣ್ಣ ಬಣ್ಣದ ಹಿನ್ನೆಲೆ ಚಿತ್ರದ ಮೇಲೆ ಬರೆದ ಯಾವ ಅಕ್ಷರವೂ ನಿಲ್ಲುವುದಿಲ್ಲ. ಪೇಟೆಯೊಳಗೆ ನಡೆದು ಹೋಗುವವರು ಮೂವತ್ತು ಅಡಿಯಿಂದ ನೋಡುವಲ್ಲಿ ಮೂರು ಅಂಗುಲದ ಅಕ್ಷರ ಸಾಕು. ಅಲ್ಲಿ ದರ, ವಿಳಾಸ, ಫೋನ್ ನಂಬರ್ ಎಲ್ಲಕ್ಕೂ ಜಾಗವುಂಟು. ಒಂದೇ ವಿನ್ಯಾಸವನ್ನು ಎರಡೂ ಕಡೆ ಕಟ್ಟುವುದೇ ಇಂದಿನ ಬ್ಯಾನರುಗಳ ದೊಡ್ಡ ದೋಷ.

ಬ್ಯಾನರಿನ ಮಾತಿನ ಸತ್ಯಾಸತ್ಯವೂ ವಿನ್ಯಾಸದ ಭಾಗವೇ. ನಾರಾಯಣಪೇಟೆ ಸೀರೆಯ ಪ್ರಚಾರದಲ್ಲಿ, 1630ರಲ್ಲಿ ಶಿವಾಜಿಯ ದಂಡಿನೊಂದಿಗೆ ಬಂದ ನೇಕಾರರು ಇಲ್ಲೇ ನೆಲೆಸಿದರೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಶಿವಾಜಿ ಹುಟ್ಟಿದ್ದೇ 1630ರಲ್ಲಿ ಎಂಬುದು ಇಂದು ಬಹುಪಾಲು ಒಪ್ಪಿತವಾದ ಲೆಕ್ಕ. ಮರಾಠಾ ನಂಟಿನ ನೆನಪು ನಿಜವಿದ್ದರೂ ಆ ಇಸವಿ ನಿಲ್ಲದು. ಗದ್ವಾಲದವರು ಹೇಳಿಕೊಳ್ಳುವ ಹತ್ತಿಯ ಒಡಲು, ರೇಷ್ಮೆಯ ಅಂಚು ಕಣ್ಣಾರೆ ನೋಡಿ ಪರೀಕ್ಷಿಸಬಹುದಾದ ಮಾತು; ಬ್ಯಾನರಿಗೆ ಅದೇ ಮೇಲು.

ಮತ್ತೆ ಭಾಷೆಯ ಮಾತಿಗೆ ಬಂದರೆ, ಕನ್ನಡ ನಾಮಫಲಕದ ಶೇ. 60ರ ನಿಯಮ ಕರ್ನಾಟಕದ ಗಡಿಯ ಒಳಗೆ ಮಾತ್ರ ನಡೆಯುತ್ತದೆ. ತೆಲಂಗಾಣದಲ್ಲಿ ಫಲಕದ ಮೊದಲ ಭಾಷೆ ತೆಲುಗು, 2017ರಿಂದ ಉರ್ದು ಎರಡನೆಯ ಅಧಿಕೃತ ಭಾಷೆ. ಕೃಷ್ಣಾ, ಮಕ್ತಲ್, ನಾರಾಯಣಪೇಟೆಗಳಲ್ಲಿ ಅಂಗಡಿಯವನು ಕನ್ನಡ ಸಾಲೊಂದನ್ನು ಬರೆಸಿದರೆ ಅದು ಯಾವ ಕಾನೂನಿಗೂ ಅಲ್ಲ, ರಾಯಚೂರು, ಯಾದಗಿರಿ, ಗುರುಮಠಕಲ್ ಕಡೆಯಿಂದ ಬರುವ ಗಿರಾಕಿಗಾಗಿ.